ಗುಡ್ಡ ಹತ್ತುವ ಕ್ಯಾಮೆರಾ: ಸೋನಿ ಆರ್‌ಎಕ್ಸ್100 ಮಾರ್ಕ್ 7 ಜೊತೆ ಒಂದು ವರ್ಷ

ಸಣ್ಣ ಕ್ಯಾಮೆರಾ ತಗೊಳ್ಳಬೇಕು ಅಂತಿದ್ದರೆ ಅಂಗಡಿಯೊಳಗೆ ನಿಂತು ಆರಿಸಬೇಡಿ. ಅಂಗಡಿಯವರನ್ನು ಕೇಳಿ ಹೊರಗೆ ಬಿಸಿಲಿಗೆ ತನ್ನಿ. ಮಧ್ಯಾಹ್ನ ಹನ್ನೆರಡು ಗಂಟೆಯಾದರೆ ಇನ್ನೂ ಒಳ್ಳೇದು. ಬಿಸಿಲಿಗೆ ಬೆನ್ನು ಕೊಟ್ಟು ನಿಂತು ಹಿಂದಿನ ಪರದೆ ನೋಡಿ. ಏನು ಕಾಣಿಸುತ್ತದೆ? ನನಗೆ ಕಂಡದ್ದು ನನ್ನದೇ ಮುಖ, ಕನ್ನಡಕ, ಹಿಂದೆ ಬೆಳ್ಳಗಿನ ಆಕಾಶ. ಮುಂದಿನ ರಸ್ತೆ ಮಾತ್ರ ಕಾಣಲಿಲ್ಲ.

ನಾನು ಕ್ಯಾಮೆರಾ ಆರಿಸಿದ್ದೇ ಈ ಒಂದು ಪರೀಕ್ಷೆಯ ಮೇಲೆ. ನಮ್ಮ ಕಡೆ ಬಿಸಿಲು ಮೇಲಿಂದ ಮಾತ್ರ ಬರಲ್ಲ. ಬಂಡೆಯಿಂದ, ಬಿಳಿ ಮಣ್ಣಿನ ದಾರಿಯಿಂದ, ಕೊಯ್ಲಾದ ಗದ್ದೆಯಿಂದ ಎದ್ದು ಬರುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ನಾನು ಫೋಟೊ ತೆಗೆಯುವ ಜಾಗಗಳಲ್ಲಿ ಒಂದು ಮರದ ನೆರಳು ಸಿಕ್ಕರೆ ಅದೃಷ್ಟ. ಹಾಗಾಗಿ ಕಣ್ಣಿಗೆ ಒತ್ತಿಕೊಂಡು ನೋಡುವ ವ್ಯೂಫೈಂಡರ್ ಇಲ್ಲದ ಕ್ಯಾಮೆರಾ ಎಷ್ಟೇ ಚೆನ್ನಾಗಿದ್ದರೂ ನನಗೆ ಬೇಡವಾಗಿತ್ತು.

ಮೊದಲು ನನ್ನ ಹಳೆಯ ಕ್ಯಾಮೆರಾದ ಮಾತು ಹೇಳುತ್ತೇನೆ. ಗಂಗಾವತಿ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂಬತ್ತು ವರ್ಷದಿಂದ ನಿಕಾನ್ ಡಿ7200 ಇದೆ, ಲೆನ್ಸ್ ಬದಲಿಸಬಹುದಾದ ದೊಡ್ಡ ಡಿಎಸ್‌ಎಲ್‌ಆರ್ ಕ್ಯಾಮೆರಾ. 2015ರಲ್ಲಿ ಬಂದ ಮಾಡೆಲ್ ಅದು. ಅದಕ್ಕೆ 18-140 ಝೂಮ್ ಲೆನ್ಸ್ ಹಾಕಿಯೇ ಇಟ್ಟಿದ್ದೆ. ಈ ಅಂಕೆ ಸಣ್ಣದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. ಅದರಲ್ಲಿ ನಾನು ಕಲಿತದ್ದು ಬಹಳ. ಬೆಳಕು ಬಿಡುವ ಲೆನ್ಸಿನ ಕಿಂಡಿ ಅಪರ್ಚರ್ ಅಂದರೇನು, ಬೆಳಕಿಗೆ ಬಾಗಿಲು ತೆರೆದು ಮುಚ್ಚುವ ಶಟರ್ ಅಂದರೇನು ಅಂತ ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಡಬ್ಬಿಗಳ ಫೋಟೊ ತೆಗೆದು ಕಲಿತೆ. ಅದರ ಮೇಲೆ ನನಗೆ ಇವತ್ತಿಗೂ ಒಂದು ದೂರಿಲ್ಲ, ತೂಕವೊಂದು ಬಿಟ್ಟು. ಬ್ಯಾಟರಿ, ಕಾರ್ಡ್ ಸೇರಿ ಬಾಡಿ 765 ಗ್ರಾಂ. ಲೆನ್ಸ್ 490 ಗ್ರಾಂ. ಅಲ್ಲಿಗೇ ಒಂದೂಕಾಲು ಕೆಜಿ. ಅದರ ಮೇಲೆ ಚೀಲ, ಇನ್ನೊಂದು ಲೆನ್ಸ್, ನೀರಿನ ಬಾಟಲಿ.

ಮೂವತ್ತೆಂಟರಲ್ಲಿ ಆ ತೂಕ ಗೊತ್ತಾಗಲಿಲ್ಲ. ನಲವತ್ತು ದಾಟಿ, ಬಲ ಮಂಡಿ ನೋವು ಶುರುವಾದ ಮೇಲೆ, ಗೊತ್ತಾಯಿತು. ಅದಕ್ಕಿಂತ ಬೇಜಾರಿನ ವಿಷಯ ಏನೆಂದರೆ, ನಾನೇ ಅರಿಯದ ಹಾಗೆ ಕ್ಯಾಮೆರಾ ಬಿಟ್ಟು ಹೋಗುವುದು ರೂಢಿಯಾಯಿತು. "ಸುಮ್ನೆ ಹೋಗಿ ಬರೋದು ತಾನೇ, ಯಾಕೆ ಹೊರೋದು" ಅಂತ ಒಂದು ಸಲ, ಎರಡು ಸಲ. ಆಮೇಲೆ ಅದು ಅಲ್ಮಾರಿಯಲ್ಲೇ ಉಳಿಯಿತು.

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಒಂಬತ್ತನೇ ತರಗತಿ ಮಕ್ಕಳನ್ನು ಹಿರೇಬೆಣಕಲ್‌ಗೆ ಕರೆದುಕೊಂಡು ಹೋದೆವು. ನೋಡದವರಿಗೆ ಹೇಳುತ್ತೇನೆ. ಗಂಗಾವತಿಯಿಂದ ಪಶ್ಚಿಮಕ್ಕೆ, ಗುಡ್ಡದ ಮೇಲೆ, ಕಬ್ಬಿಣ ಯುಗದ ಕಲ್ಲುಮನೆಗಳು, ಅಂದರೆ ಕಲ್ಲಿನ ಸಮಾಧಿಗಳು, ಸುಮಾರು 400 ಇವೆ. ಜನ ಅದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ. ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಎದುರಿನ ಕಲ್ಲಿನಲ್ಲಿ ದುಂಡಗೆ ಕಿಂಡಿ ಕೊರೆದಿದ್ದಾರೆ. 2021ರಲ್ಲಿ ಅದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಅವತ್ತು ಮಂಡಿಯ ಹೆದರಿಕೆಗೆ ನಿಕಾನ್ ಮನೆಯಲ್ಲೇ ಬಿಟ್ಟಿದ್ದೆ. ಮೇಲೆ ಹೋದ ಮೇಲೆ ಒಬ್ಬ ಹುಡುಗಿ ಕಲ್ಲುಮನೆಯೊಂದರ ಕಿಂಡಿಯೊಳಗೆ ತಲೆ ಹಾಕಿ, "ಟೀಚರ್, ಇದರಾಗ ಮಂದಿ ಇರ್ತಿದ್ರೇನ್ರಿ?" ಅಂದಳು. ಅವಳ ದನಿ ಒಳಗೇ ಗುಂಯ್ ಅಂತು. ಹೊರಗಿದ್ದ ಮಕ್ಕಳೆಲ್ಲ ನಕ್ಕರು. ನಾನು ಫೋನ್ ಎತ್ತಿದೆ. ಬೆಳಕು ಎಲ್ಲಿದೆ, ನೆರಳು ಎಲ್ಲಿದೆ ಅಂತ ನೋಡುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ಆ ಫೋಟೊ ನನ್ನ ಹತ್ತಿರ ಇಲ್ಲ. ಗುಡ್ಡ ಇಳಿಯುತ್ತಲೇ, ನನ್ನ ಜೊತೆ ಗುಡ್ಡಕ್ಕೆ ಬರುವ ಕ್ಯಾಮೆರಾ ಒಂದು ಬೇಕು ಅಂತ ತೀರ್ಮಾನ ಮಾಡಿದೆ.

ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗಳು ಕೇಳಿದಳು, "ಮಮ್ಮಿ, ಫೋನ್ ಐತಲ್ಲ, ಸಾಕಲ್ಲೇನು?" ನ್ಯಾಯವಾದ ಪ್ರಶ್ನೆ. ಮನೆ, ಮದುವೆ, ಊಟ, ಇದಕ್ಕೆಲ್ಲ ಫೋನ್ ಸಾಕು. ಬಿಸಿಲಲ್ಲಿ ಫೋನಿನ ಪರದೆ ಬಹಳಷ್ಟು ಕ್ಯಾಮೆರಾಗಳ ಪರದೆಗಿಂತ ಚೆನ್ನಾಗಿಯೇ ಕಾಣುತ್ತದೆ. ಆದರೆ ನಾನು ಜಾಸ್ತಿ ತೆಗೆಯುವುದು ವೀರಗಲ್ಲು, ಶಾಸನ. ಕಲ್ಲಿನ ಮೇಲಿನ ಅಕ್ಷರ ಓದಲು ಬೇಕಾದದ್ದು ನೆರಳು. ಬೆಳಗ್ಗೆ ಇಲ್ಲವೇ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಗೆರೆಯೊಳಗೆ ಒಂದು ಸಣ್ಣ ನೆರಳು ಕೂರುತ್ತದೆ. ಅದೇ ಅಕ್ಷರ. ಫೋನ್ ಏನು ಮಾಡುತ್ತದೆ? ನೆರಳು ಕಂಡರೆ ಸಾಕು, ತಾನಾಗಿಯೇ ಅದನ್ನು ಬೆಳ್ಳಗೆ ಮಾಡುತ್ತದೆ. ಮುಖದ ಫೋಟೊಗೆ ಅದು ಚೆಂದ. ಸವೆದ ಕಲ್ಲಿಗೆ ಅಲ್ಲ. ನಮ್ಮ ಶಾಲೆಯ ಪಕ್ಕದ ಊರಿನ ಹನುಮಪ್ಪನ ಗುಡಿ ಮುಂದೆ ಒಂದು ವೀರಗಲ್ಲಿದೆ. ಅದರ ಕೆಳಗಿನ ಎರಡು ಸಾಲು ಫೋನಿನಲ್ಲಿ ನಯವಾದ ಕಲ್ಲಿನ ಹಾಗೆ ಬಂತು. ಅದೇ ಸಂಜೆ ನಿಕಾನ್‌ನಲ್ಲಿ ತೆಗೆದಾಗ ಅಕ್ಷರ ಎದ್ದು ನಿಂತವು. ಫೋನಿನಲ್ಲೂ ತಿದ್ದದ ಮೂಲ ಚಿತ್ರ, ಅಂದರೆ ರಾ ಫೈಲ್, ತೆಗೆಯಬಹುದು, ನಿಜ. ಆದರೆ ದೂರದ ತೋರಣ ಹತ್ತಿರ ತರಲು ಝೂಮ್ ಬೇಕಲ್ವಾ?

ಹಾಗಾದರೆ ಯಾವುದು? ಶುರುವಿನಲ್ಲಿ ನಾನು ದೊಡ್ಡ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಹಿಂದೆ ಓಡಿದೆ. ಡಿಎಸ್‌ಎಲ್‌ಆರ್ ಇರುವವರೆಲ್ಲ ಹಾಗೇ ಮಾಡುತ್ತೇವೆ. ರೀಕೋ ಜಿಆರ್ 3 ಅಂತ ಇದೆ. ನನ್ನ ನಿಕಾನ್‌ನಷ್ಟೇ ದೊಡ್ಡ ಎಪಿಎಸ್-ಸಿ ಸೆನ್ಸರ್, ತೂಕ ಬರೀ 257 ಗ್ರಾಂ. ಅದರ ಚಿತ್ರಗಳನ್ನು ನೋಡಿ ಎರಡು ದಿನ ನಿದ್ದೆ ಬರಲಿಲ್ಲ. ಆದರೆ ಝೂಮ್ ಇಲ್ಲ, ಒಂದೇ 28 ಎಂಎಂ ನೋಟ. ಒಳಗೆ ವ್ಯೂಫೈಂಡರ್ ಇಲ್ಲ. ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3 ಇನ್ನೊಂದು. 24-100 ಝೂಮ್, ಅಪರ್ಚರ್ 1.8ರಿಂದ 2.8. ಅಪರ್ಚರ್ ಅಂಕೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಜಾಸ್ತಿ. ಬೆಳಕು ಕಡಿಮೆ ಇರುವ ಕಡೆ ನಾನು ತಗೊಂಡದ್ದಕ್ಕಿಂತ ಅದೇ ಮೇಲು, ಇದನ್ನು ಒಪ್ಪಿಕೊಳ್ಳಲೇಬೇಕು. ಅದಕ್ಕೂ ವ್ಯೂಫೈಂಡರ್ ಇಲ್ಲ. ಪ್ಯಾನಾಸೋನಿಕ್ ಟಿಜೆಡ್200ಕ್ಕೆ ವ್ಯೂಫೈಂಡರ್ ಇದೆ, ಝೂಮ್ 360ರ ತನಕ ಹೋಗುತ್ತದೆ. ಆದರೆ ಲೆನ್ಸ್ 3.3ರಿಂದ ಶುರುವಾಗಿ 6.4ಕ್ಕೆ ಮುಗಿಯುತ್ತದೆ. ಗುಡಿಯೊಳಗೆ ಅದು ಕಷ್ಟ. ಫ್ಯೂಜಿಯ ಎಕ್ಸ್100 ಸಾಲಿನ ಕ್ಯಾಮೆರಾ ಬಹಳ ಸುಂದರ, ಆದರೆ ಜೇಬಿನದ್ದಲ್ಲ, ಝೂಮೂ ಇಲ್ಲ.

ಉಳಿದದ್ದು ಸೋನಿ ಆರ್‌ಎಕ್ಸ್100 ಮಾರ್ಕ್ 7. 2019ರಲ್ಲಿ ಬಂದದ್ದು. 'ಒಂದು ಇಂಚು' ಅಂತ ಬರೀ ಹೆಸರಿಗೆ ಕರೆಯುವ ಸೆನ್ಸರ್, 20 ಮೆಗಾಪಿಕ್ಸೆಲ್, 24-200 ಝೂಮ್, ಅಪರ್ಚರ್ 2.8ರಿಂದ 4.5. ಬ್ಯಾಟರಿ, ಕಾರ್ಡ್ ಸೇರಿ 302 ಗ್ರಾಂ. ಎಡ ಮೂಲೆಯಲ್ಲಿ ಒಂದು ಗುಂಡಿ ಒತ್ತಿದರೆ ವ್ಯೂಫೈಂಡರ್ ಮೇಲೆದ್ದು ಬರುತ್ತದೆ.

ಇದಕ್ಕೂ ಮೊದಲು ಒಂದು ತಪ್ಪು ಮಾಡಿದ್ದೆ. ದುಡ್ಡು ಉಳಿಯಲಿ ಅಂತ ಒಂದು ಆನ್‌ಲೈನ್ ಮಾರಾಟಗಾರರ ಹತ್ತಿರ ಬಳಸಿದ ಕ್ಯಾಮೆರಾ ಬೇರೆ ಯಾವುದೋ ತರಿಸಿದೆ. ಡಬ್ಬಿ ತೆರೆದು ಆನ್ ಮಾಡಿದರೆ ಲೆನ್ಸ್ ಅರ್ಧ ಹೊರಗೆ ಬಂದು ಕಿರ್ ಅಂತ ನಿಂತಿತು. ವಾಪಸ್ ಕಳಿಸಿ ದುಡ್ಡು ಕೈಗೆ ಬರಲು ಮೂರು ವಾರ. ಒಳಗೆ ಮಡಚಿಕೊಳ್ಳುವ ಲೆನ್ಸಿನ ಕ್ಯಾಮೆರಾವನ್ನು ಕಣ್ಣಿಗೆ ಕಾಣದೆ, ಕೈಯಲ್ಲಿ ಹಿಡಿಯದೆ ಸೆಕೆಂಡ್ ಹ್ಯಾಂಡ್ ತಗೊಳ್ಳಬೇಡಿ. ಡಿಎಸ್‌ಎಲ್‌ಆರ್ ಆದರೆ ಲೆನ್ಸ್ ಕೆಟ್ಟರೆ ಲೆನ್ಸ್ ಬದಲಿಸಬಹುದು. ಇದರಲ್ಲಿ ಎರಡೂ ಒಂದೇ.

ಆಮೇಲೆ ಒಂದು ಶನಿವಾರ ಮಧ್ಯಾಹ್ನ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ಅಲ್ಲಿನ ಒಂದು ಅಂಗಡಿಯಲ್ಲಿ ಕೈಗೆ ಕೊಟ್ಟು ತೋರಿಸುವ ಪೀಸ್ ಇತ್ತು. ಅಂಗಡಿಯವರು ಒಳ್ಳೆಯವರು. "ಮೇಡಂ, ಡಿಎಸ್‌ಎಲ್‌ಆರ್ ಇದ್ದವರು ಇದನ್ನ ಯಾಕ ಕೇಳ್ತೀರಿ?" ಅಂದರು. ಮಂಡಿಯ ವಿಷಯ ಹೇಳಿದೆ. ನಕ್ಕು, ಕೆಲಸದ ಹುಡುಗನನ್ನು ಜೊತೆ ಕೊಟ್ಟು ಹೊರಗೆ ಕಳಿಸಿದರು. ಎರಡು ಕ್ಯಾಮೆರಾ ಬಿಸಿಲಿಗೆ ತಂದು ಎದುರಿನ ಬೇವಿನ ಮರ, ಅದರ ಕೆಳಗಿನ ಕಬ್ಬಿನ ಹಾಲಿನ ಗಾಡಿ, ಎರಡನ್ನೂ ಚೌಕಟ್ಟಿಗೆ ತರಲು ನೋಡಿದೆ. ವ್ಯೂಫೈಂಡರ್ ಇಲ್ಲದ್ದರಲ್ಲಿ ಪರದೆಗೆ ಕೈ ಅಡ್ಡ ಹಿಡಿದು ಅಂದಾಜಿನಲ್ಲಿ ತೆಗೆದೆ. ಸೋನಿ ಕಣ್ಣಿಗೆ ಹಚ್ಚಿದೆ. ಗಾಡಿಯ ಗೆಜ್ಜೆಯ ಸರ ತನಕ ಕಾಣಿಸಿತು. ಅಷ್ಟೇ. ಅಲ್ಲಿಗೆ ಮುಗಿಯಿತು.

ಇಲ್ಲಿ ಡಿಎಸ್‌ಎಲ್‌ಆರ್ ಇರುವವರಿಗೆ ಒಂದು ಲೆಕ್ಕ ಹೇಳಬೇಕು. ನನ್ನ ಮನಸ್ಸಿನ ಅಳುಕು ಕಳೆದದ್ದು ಈ ಲೆಕ್ಕದಿಂದ. ಸೋನಿಯ ಸೆನ್ಸರ್ 13.2 x 8.8 ಮಿಲಿಮೀಟರ್. ನಿಕಾನ್‌ನದು 23.5 x 15.6. ಅಂದರೆ ನಿಕಾನ್ ಸೆನ್ಸರ್ ಮೂರು ಪಟ್ಟಿಗಿಂತ ದೊಡ್ಡದು. ಇಷ್ಟು ಕೇಳಿದರೆ ಸಣ್ಣ ಕ್ಯಾಮೆರಾ ಬೇಡವೇ ಬೇಡ ಅನಿಸುತ್ತದೆ. ಆದರೆ ನನ್ನ 18-140 ಲೆನ್ಸ್ 3.5ರಿಂದ ಶುರುವಾಗಿ 5.6ಕ್ಕೆ ಮುಗಿಯುತ್ತದೆ. ಸೋನಿ ಲೆನ್ಸ್ 2.8ರಿಂದ 4.5. ಸೋನಿ ಲೆನ್ಸ್ ಜಾಸ್ತಿ ತೆರೆಯುತ್ತದೆ. ಎರಡನ್ನೂ ಸೇರಿಸಿ ನೋಡಿದರೆ ನಿಜವಾದ ವ್ಯತ್ಯಾಸ ಸುಮಾರು ಒಂದು ಸ್ಟಾಪ್, ಅಂದರೆ ಬೆಳಕಿನಲ್ಲಿ ಎರಡು ಪಟ್ಟು, ಅಷ್ಟೇ. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕೆ, ಏರಿಸಿದಷ್ಟೂ ಫೋಟೊದಲ್ಲಿ ಚುಕ್ಕೆ ಜಾಸ್ತಿ. ನಿಕಾನ್‌ಗೆ ಐಎಸ್‌ಒ 800 ಬೇಕಾದ ಬೆಳಕಿನಲ್ಲಿ ಸೋನಿಯ ಫೋಟೊ ಹೆಚ್ಚು ಕಡಿಮೆ ನಿಕಾನ್‌ನ 1600ರ ಹಾಗೆ ಕಾಣುತ್ತದೆ ಅಂತ ಇಟ್ಟುಕೊಳ್ಳಿ. ಅಲ್ಲದೆ 18-140 ಅನ್ನು ಹಳೆಯ 35 ಎಂಎಂ ಫಿಲ್ಮ್ ಕ್ಯಾಮೆರಾದ ಲೆಕ್ಕಕ್ಕೆ ತಂದರೆ 27-210. ಸೋನಿಯದು 24-200. ಒಂದೂಕಾಲು ಕೆಜಿ ಮಾಡುತ್ತಿದ್ದ ಕೆಲಸದ ಬಹುಪಾಲು 302 ಗ್ರಾಂ ಮಾಡುತ್ತದೆ, ಅದೂ ಅಗಲದ ಕಡೆ ಸ್ವಲ್ಪ ಜಾಸ್ತಿ ತೋರಿಸಿ.

ಈ ಲೆಕ್ಕ ಝೂಮ್ ಲೆನ್ಸಿಗೆ ಮಾತ್ರ. ನಿಮ್ಮ ಡಿಎಸ್‌ಎಲ್‌ಆರ್‌ನಲ್ಲಿ 35 ಎಂಎಂ 1.8ರಂಥ ಪ್ರೈಮ್ ಲೆನ್ಸ್, ಅಂದರೆ ಝೂಮ್ ಇಲ್ಲದ ಲೆನ್ಸ್, ಇದ್ದರೆ ಕಥೆ ಬೇರೆ. ನನ್ನ ಹತ್ತಿರ ಅದೂ ಇದೆ. ಇಟಗಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಇಟಗಿಯ ಮಹಾದೇವ ದೇವಸ್ಥಾನ 1112ರದ್ದು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಅದನ್ನು 'ದೇವಾಲಯ ಚಕ್ರವರ್ತಿ' ಅಂತ ಶಾಸನವೇ ಹೊಗಳಿದೆ. ನಾನು ಅಲ್ಲಿಗೆ ಹತ್ತು ಸಲವಾದರೂ ಹೋಗಿದ್ದೇನೆ. ಹೊರಗೆ ತೆರೆದ ಮಂಟಪದಲ್ಲಿ ಬೆಳಕು ಧಾರಾಳ. ತಿರುಗಣೆಯಲ್ಲಿ ಕಡೆದ ಕಂಬಗಳ ಮೇಲೆ ಬೆಳಕು ಬಳೆ ಬಳೆಯಾಗಿ ನಿಲ್ಲುತ್ತದೆ. ಅಲ್ಲಿ ಸೋನಿ, ನಿಕಾನ್ ಎರಡರ ಫೋಟೊನೂ ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ನಮ್ಮ ಮನೆಯವರಿಗೆ ಹೇಳಲಾಗಲಿಲ್ಲ. ನನಗೂ ಮೂರರಲ್ಲಿ ಒಂದು ತಪ್ಪಿತು. ಹೊರಗೋಡೆಯ ಮೇಲ್ಭಾಗದ ಸಣ್ಣ ಕೆತ್ತನೆಗಳನ್ನು 200ಕ್ಕೆ ಎಳೆದು ತೆಗೆದೆ. ಅಂಚು ಚೂಪಾಗಿ ಬಂದವು. ಈ ತುದಿಯಲ್ಲಿ ಇಷ್ಟು ಚೂಪು ನಾನು ನಿರೀಕ್ಷಿಸಿರಲಿಲ್ಲ.

ಒಳಗೆ ಹೋದ ಮೇಲೆ ವ್ಯತ್ಯಾಸ ಕಂಡಿತು. ಗರ್ಭಗುಡಿಯ ಬಾಗಿಲುವಾಡದ ಹತ್ತಿರ ನಿಕಾನ್‌ಗೆ 35 ಎಂಎಂ ಹಾಕಿ 1.8ಕ್ಕೆ ತೆರೆದರೆ ಐಎಸ್‌ಒ 800 ಸಾಕಾಯಿತು. ಅದೇ ಚೌಕಟ್ಟಿಗೆ, ಅದೇ ಶಟರ್ ವೇಗಕ್ಕೆ ಸೋನಿ ಲೆನ್ಸ್ 4ರ ಆಸುಪಾಸಿಗಿಂತ ಹೆಚ್ಚು ತೆರೆಯಲಿಲ್ಲ. ಐಎಸ್‌ಒ 4000 ಕೇಳಿತು. ಕಪ್ಪು ಕಲ್ಲಿನ ಮೇಲೆ ಮರಳು ಚೆಲ್ಲಿದ ಹಾಗೆ ಚುಕ್ಕೆ. ಸಣ್ಣ ಬಳ್ಳಿಯ ಕೆತ್ತನೆ ಕರಗಿತು. ಝೂಮ್ ಪೂರ್ತಿ ಹಿಂದಕ್ಕೆ ತಂದು 24ರಲ್ಲಿ, 2.8ಕ್ಕೆ ತೆರೆದು, ಕಂಬಕ್ಕೆ ಮೊಣಕೈ ಆನಿಸಿ, ಶಟರ್ ನಿಧಾನ ಮಾಡಿ ತೆಗೆದಾಗ ಪರವಾಗಿಲ್ಲ ಅನ್ನುವ ಹಾಗೆ ಬಂತು. ಕಲ್ಲು ಅಲುಗಾಡಲ್ಲ, ಹಾಗಾಗಿ ಕೈ ನಡುಕ ತಡೆಯುವ ವ್ಯವಸ್ಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಗೊತ್ತಲ್ಲ. ಆದ್ದರಿಂದ ಕಂಬವೇ ಗತಿ.

ಡಿಎಸ್‌ಎಲ್‌ಆರ್ ಕೈಗೆ ಕಲಿಸಿದ ಕೆಲವು ಅಭ್ಯಾಸ ಇಲ್ಲಿ ಬಿಡಬೇಕಾಯಿತು. ಮುಖ್ಯವಾದದ್ದು ಅಪರ್ಚರ್. ಗುಡಿ, ಗುಡ್ಡ, ಏನೇ ಇರಲಿ, ನಿಕಾನ್‌ನಲ್ಲಿ ನಾನು ಕಣ್ಣು ಮುಚ್ಚಿ 8 ಇಡುತ್ತಿದ್ದೆ. ಎಲ್ಲವೂ ಸ್ಪಷ್ಟ. ಸೋನಿಯಲ್ಲೂ ಮೊದಲ ಎರಡು ತಿಂಗಳು 8, ಒಮ್ಮೊಮ್ಮೆ 11 ಇಟ್ಟೆ. ಫೋಟೊ ಯಾಕೋ ಮೆತ್ತಗೆ ಬರುತ್ತಿತ್ತು. ಕ್ಯಾಮೆರಾ ಸರಿ ಇಲ್ಲವೇನೋ ಅಂತ ಚಿಂತೆ ಹತ್ತಿತು. ಆಮೇಲೆ ತಿಳಿಯಿತು. ಸೆನ್ಸರ್ ಸಣ್ಣದಾದಷ್ಟೂ ಅಪರ್ಚರ್ ಕಿರಿದು ಮಾಡಿದಾಗ ಬೆಳಕು ಬೇಗ ಹರಡಿಕೊಂಡು ಚಿತ್ರ ಮೆತ್ತಗಾಗುತ್ತದೆ. ಮತ್ತೆ ಸಣ್ಣ ಸೆನ್ಸರಿನಲ್ಲಿ ಅಷ್ಟು ಕಿರಿದು ಮಾಡುವ ಅಗತ್ಯವೂ ಇಲ್ಲ. ನಿಕಾನ್‌ನಲ್ಲಿ 8 ಇಟ್ಟರೆ ಹತ್ತಿರದಿಂದ ದೂರದ ತನಕ ಎಷ್ಟು ಸ್ಪಷ್ಟವೋ ಅಷ್ಟು ಇದರಲ್ಲಿ 4.5ಕ್ಕೇ ಸಿಗುತ್ತದೆ. ಈಗ 4ರಿಂದ 5.6ರ ನಡುವೆ ಬಿಟ್ಟು ಆಚೆ ಹೋಗುವುದಿಲ್ಲ. ಡಿಎಸ್‌ಎಲ್‌ಆರ್‌ನಿಂದ ಬರುವವರು ಮೊದಲ ದಿನವೇ ಇದನ್ನು ಬರೆದಿಟ್ಟುಕೊಳ್ಳಿ.

ಹಿಂದೆ ಮುಖದ ಫೋಟೊದಲ್ಲಿ ಹಿನ್ನೆಲೆ ಮಂಜಾಗುತ್ತಿತ್ತಲ್ಲ, ಅದು ಇದರಲ್ಲಿ ಕಡಿಮೆ. 200ಕ್ಕೆ ಎಳೆದು ಹತ್ತಿರ ನಿಂತರೆ ಒಂದಿಷ್ಟು ಸಿಗುತ್ತದೆ. ಅದಕ್ಕಾಗಿಯೇ ಕ್ಯಾಮೆರಾ ಬೇಕು ಅನ್ನುವವರು ಇದನ್ನು ತಗೊಳ್ಳಬೇಡಿ.

ಇನ್ನು ವ್ಯೂಫೈಂಡರ್. ಡಿಎಸ್‌ಎಲ್‌ಆರ್‌ನ ಗಾಜಿನ ವ್ಯೂಫೈಂಡರ್‌ನಷ್ಟು ದೊಡ್ಡದಲ್ಲ, ಅಷ್ಟು ಆರಾಮವೂ ಇಲ್ಲ. ಕನ್ನಡಕ ಹಾಕಿ ನೋಡಿದರೆ ಮೂಲೆಗಳು ತಪ್ಪುತ್ತವೆ. ಕಣ್ಣಿನ ನಂಬರಿಗೆ ಹೊಂದಿಸುವ ಸಣ್ಣ ಕಡ್ಡಿ ಅದರ ಮೇಲೇ ಇದೆ. ಅದನ್ನು ಸರಿ ಮಾಡಿಕೊಂಡು ಕನ್ನಡಕ ಹಣೆಗೇರಿಸಿ ನೋಡುವುದು ನನ್ನ ರೂಢಿ. ಎಡ ಮೂಲೆಯಲ್ಲಿ ಇರುವುದರಿಂದ ಮೂಗು ಪರದೆಗೆ ತಾಗಲ್ಲ. ನಿಕಾನ್ ಪರದೆ ದಿನಾ ನನ್ನ ಮೂಗಿನ ಎಣ್ಣೆ ಒರೆಸಿಕೊಳ್ಳುತ್ತಿತ್ತು.

ಆದರೆ ಒಂದು ವಿಷಯದಲ್ಲಿ ಇದು ಗಾಜಿನದ್ದಕ್ಕಿಂತ ಮುಂದೆ. ಫೋಟೊ ಹೇಗೆ ಬರುತ್ತದೆ ಅಂತ ತೆಗೆಯುವ ಮೊದಲೇ ಕಾಣಿಸುತ್ತದೆ. ಬೆಳಕು ಜಾಸ್ತಿಯಾದರೆ ವ್ಯೂಫೈಂಡರ್ ಒಳಗೇ ಬೆಳ್ಳಗಾಗುತ್ತದೆ. ಹೋದ ಡಿಸೆಂಬರಿನಲ್ಲಿ ಮತ್ತೆ ಮೋರ್ಯರ ಗುಡ್ಡ ಹತ್ತಿದೆ, ಈ ಸಲ ಹೊಸ ಮಕ್ಕಳ ಜೊತೆ. ಹೊರಗೆ ಬಂಡೆ ಸುಣ್ಣದಂತೆ ಬೆಳ್ಳಗೆ, ಕಿಂಡಿಯೊಳಗೆ ಗವ್ವನೆ ಕತ್ತಲು. ನಿಕಾನ್ ಆಗಿದ್ದರೆ ಒಂದು ತೆಗೆದು, ಪರದೆ ನೋಡಿ, ಕಾಣದೆ, ಚೀಲದ ನೆರಳಿನಲ್ಲಿ ಹಿಡಿದು ನೋಡಿ, ಮತ್ತೆ ತೆಗೆಯಬೇಕಿತ್ತು. ಇದರಲ್ಲಿ ಕಣ್ಣು ತೆಗೆಯದೆ ಹೆಬ್ಬೆರಳಿನಲ್ಲೇ ಬೆಳಕು ಇಳಿಸಿದೆ. ಬಂಡೆಯ ಗೀರು ಕಾಣುವ ತನಕ ಇಳಿಸಿದೆ. ಒಬ್ಬ ಹುಡುಗ ಕಿಂಡಿಯೊಳಗಿಂದ ಮುಖ ಹೊರಗೆ ಹಾಕಿ ಯಾರನ್ನೋ ಕೂಗಿದ. ಫೋಕಸ್ ಅವನ ಕಣ್ಣಿಗೇ ಹೋಗಿ ಕೂತಿತು. ಈ ಕ್ಯಾಮೆರಾದ ಫೋಕಸ್ ನನ್ನ ನಿಕಾನ್‌ಗಿಂತ ಬಹಳ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆ ಫೋಟೊ ಈಗ ನಮ್ಮ ಶಾಲೆಯ ಗೋಡೆ ಪತ್ರಿಕೆಯಲ್ಲಿದೆ. ಕತ್ತಲಿನಿಂದ ಅವನ ಮುಖ, ಹಲ್ಲು, ಕಲ್ಲಿನ ದುಂಡು ಅಂಚು.

ಇನ್ನೊಂದು ಬದಲಾವಣೆ ನಾನು ಎಣಿಸಿರಲಿಲ್ಲ. ಜನ ಬೇರೆ ಥರ ನೋಡುತ್ತಾರೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಪ್ರತಿ ವರ್ಷ ಹೋಗುತ್ತೇನೆ. ನಿಕಾನ್ ಹಿಡಿದು ಹೋದಾಗ ಮಂದಿ ದಾರಿ ಬಿಡುತ್ತಿದ್ದರು, ನಿಜ. ಆದರೆ ಎದುರಿಗೆ ಕ್ಯಾಮೆರಾ ಎತ್ತಿದ ತಕ್ಷಣ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ನಿಲ್ಲುತ್ತಿದ್ದರು. ಒಬ್ಬ ಅಜ್ಜಿ, "ಯಾವ ಪೇಪರಿನಾಕಿ ಯವ್ವಾ ನೀ?" ಅಂತ ಕೇಳಿದ್ದಳು. ಈ ವರ್ಷ ಸೋನಿ ಹಿಡಿದು ದಾಸೋಹದ ಕಡೆ ಹೋದೆ. ರೊಟ್ಟಿಯ ರಾಶಿ, ಮಾದಲಿ ಬಡಿಸುವ ಕೈಗಳು, ಸಾಲಿನಲ್ಲಿ ಕೂತು ಉಣ್ಣುವ ಮಕ್ಕಳು. ಯಾರೂ ತುತ್ತು ನಿಲ್ಲಿಸಲಿಲ್ಲ. ಕೇಳಿಯೇ ತೆಗೆದೆ. "ತಗೋರಿ ತಗೋರಿ" ಅಂದು ತಮ್ಮ ಪಾಡಿಗೆ ತಾವು ಬಡಿಸುತ್ತಿದ್ದರು. ತೇರು ಎಳೆಯುವಾಗ ಎಸೆದ ಉತ್ತತ್ತಿ ಗಾಳಿಯಲ್ಲಿ ಇರುವ ಒಂದು ಫೋಟೊ ಇದೆ. ಪರದೆಯನ್ನು ಕೆಳಕ್ಕೆ ಮಡಚಿ, ಕ್ಯಾಮೆರಾ ತಲೆ ಮೇಲೆ ಎತ್ತಿ ಹಿಡಿದು ತೆಗೆದದ್ದು. ಸಂಜೆಯ ಹೊತ್ತಾದ್ದರಿಂದ ಪರದೆ ಕಾಣುತ್ತಿತ್ತು. ಒಂದೂಕಾಲು ಕೆಜಿ ಹಾಗೆ ಎತ್ತಿ ಹಿಡಿಯುವುದು ನನ್ನಿಂದ ಆಗುತ್ತಿರಲಿಲ್ಲ.

ಕೊರತೆಗಳೂ ಇವೆ, ಅವುಗಳಲ್ಲಿ ನಮ್ಮ ಊರಿನವರು ಮೊದಲು ಯೋಚಿಸಬೇಕಾದದ್ದು ಧೂಳು. ಇದು ಧೂಳು, ನೀರು ತಡೆಯುವ ಕ್ಯಾಮೆರಾ ಅಲ್ಲ. ಲೆನ್ಸ್ ಒಳಗೆ ಹೊರಗೆ ಹೋಗುವಾಗ ಗಾಳಿ ಜೊತೆ ಧೂಳೂ ಒಳಗೆ ಹೋಗಬಹುದು. ಹೀಗೆ ಮಡಚುವ ಲೆನ್ಸಿನ ಎಲ್ಲ ಕ್ಯಾಮೆರಾಗಳಿಗೂ ಈ ಅಪಾಯ ಇದೆ. ನಮ್ಮ ಸಹೋದ್ಯೋಗಿಯೊಬ್ಬರ ಹಳೆಯ ಕ್ಯಾಮೆರಾದಲ್ಲಿ ಆಕಾಶದ ಫೋಟೊ ತೆಗೆದರೆ ಮೂರು ಬೂದು ಚುಕ್ಕೆ ಬರುತ್ತಿತ್ತು. ಸೆನ್ಸರ್ ಮೇಲೆ ಧೂಳು ಕೂತಿತ್ತು. ಡಿಎಸ್‌ಎಲ್‌ಆರ್ ಆದರೆ ಲೆನ್ಸ್ ಬಿಚ್ಚಿ ಬ್ಲೋವರ್ ಒತ್ತಿದರೆ ಎಷ್ಟೋ ಸಲ ಹೋಗುತ್ತದೆ. ಇದನ್ನು ಬಿಚ್ಚಲು ಬರಲ್ಲ, ರಿಪೇರಿಗೇ ಕೊಡಬೇಕು. ಹಾಗಾಗಿ ನಾನು ಇದನ್ನು ಜೇಬಿಗೂ ಹಾಕಲ್ಲ, ವ್ಯಾನಿಟಿ ಬ್ಯಾಗಿಗೂ ಹಾಗೇ ಹಾಕಲ್ಲ. ಜಿಪ್ ಇರುವ ಸಣ್ಣ ಚೀಲ ಹೊಲಿಸಿದ್ದೇನೆ, ಒಳಗೆ ನಯವಾದ ಬಟ್ಟೆ. ವಾರಕ್ಕೊಮ್ಮೆ ಅದನ್ನು ತಿರುವಿ ಝಾಡಿಸುತ್ತೇನೆ. ಲಾರಿ ಹೋಗುವ ಮಣ್ಣಿನ ದಾರಿಯಲ್ಲಿ ಆನ್ ಮಾಡಲ್ಲ. ಒಂದು ವರ್ಷದಲ್ಲಿ ಇನ್ನೂ ಚುಕ್ಕೆ ಬಂದಿಲ್ಲ. ತಿಂಗಳಿಗೊಮ್ಮೆ ಬರೀ ಆಕಾಶದ ಫೋಟೊ ತೆಗೆದು ನೋಡುತ್ತೇನೆ.

ಬ್ಯಾಟರಿ ಸಣ್ಣದು. ಕಂಪನಿಯ ಲೆಕ್ಕದಲ್ಲಿ ಪರದೆ ನೋಡಿ ತೆಗೆದರೆ 260 ಫೋಟೊ. ನಿಕಾನ್‌ನದು 1110. ಎರಡು ದಿನದ ಪ್ರವಾಸಕ್ಕೆ ಚಾರ್ಜರ್ ಮುಟ್ಟದವಳಿಗೆ ಇದು ದೊಡ್ಡ ಬದಲಾವಣೆ. ಎರಡು ಬ್ಯಾಟರಿ ಜಾಸ್ತಿ ತಗೊಂಡೆ. ಪವರ್ ಬ್ಯಾಂಕಿನಿಂದಲೂ ಚಾರ್ಜ್ ಆಗುತ್ತದೆ. ಆದರೆ ನನ್ನದರಲ್ಲಿರುವುದು ಹಳೆಯ ಮೈಕ್ರೋ ಯುಎಸ್‌ಬಿ, ಅದರ ವೈರ್ ಮರೆಯದೆ ಇಟ್ಟುಕೊಳ್ಳಬೇಕು.

ಹಿಡಿಯಲು ಮುಂದೆ ಉಬ್ಬು ಇಲ್ಲ. ಬೆವರು ಕೈಗೆ ನುಣುಪು. ಅಂಟಿಸುವ ಗ್ರಿಪ್ ಬೇರೆ ಸಿಗುತ್ತದೆ, ಕ್ಯಾಮೆರಾ ಜೊತೆಗೇ ತಗೊಳ್ಳಿ. ಮಣಿಕಟ್ಟಿನ ದಾರ ಇಲ್ಲದೆ ಗುಡ್ಡ ಹತ್ತಬೇಡಿ. ಲೆನ್ಸಿನ ಸುತ್ತ ಇರುವ ರಿಂಗನ್ನು ಝೂಮ್‌ಗೆ ಹೊಂದಿಸಿ, ಹಂತ ಹಂತವಾಗಿ ಹೋಗುವ ಹಾಗೆ ಮಾಡಿದೆ. 24, 28, 35, 50 ಅಂತ ನಿಲ್ಲುತ್ತದೆ. ಲೆನ್ಸ್ ತಿರುಗಿಸಿ ಅಭ್ಯಾಸವಾದ ಎಡಗೈಗೆ ಈಗ ಸಮಾಧಾನ.

ಕಿನ್ನಾಳಕ್ಕೆ ಹೋದಾಗ ಇನ್ನೊಂದು ಮಿತಿ ಗೊತ್ತಾಯಿತು. ಚಿತ್ರಗಾರರ ಮನೆಯಲ್ಲಿ ಗೊಂಬೆಗೆ ಕಣ್ಣು ಬರೆಯುತ್ತಿದ್ದರು. ಒಂದೇ ಕೂದಲಿನಷ್ಟು ಸಣ್ಣ ಕುಂಚದ ತುದಿ. ಅಗಲ ನೋಟದಲ್ಲಿ 8 ಸೆಂಟಿಮೀಟರ್ ತನಕ ಹತ್ತಿರ ಹೋಗಬಹುದು. ಆದರೆ ಅಷ್ಟು ಹತ್ತಿರ ಹೋದರೆ ಕ್ಯಾಮೆರಾದ ನೆರಳೇ ಗೊಂಬೆ ಮೇಲೆ ಬೀಳುತ್ತದೆ, ಕೆಲಸ ಮಾಡುವವರ ಕೈಗೂ ಅಡ್ಡ. ದೂರ ನಿಂತು 200ಕ್ಕೆ ಎಳೆದರೆ ಒಂದು ಮೀಟರ್ ಅಂತರ ಬೇಕು. ನಡುವೆ ಎಲ್ಲೋ ಒಂದು ಕಡೆ ನಿಂತು ತೆಗೆದು, ಆಮೇಲೆ ಕತ್ತರಿಸಿಕೊಂಡೆ. 20 ಮೆಗಾಪಿಕ್ಸೆಲ್ ಇರುವುದರಿಂದ ಕತ್ತರಿಸಿದರೂ ಉಳಿಯುತ್ತದೆ.

ಹಕ್ಕಿ ಬೇಕೆನ್ನುವವರಿಗೆ 200 ಸಾಲದು. ದರೋಜಿಯ ಕರಡಿಧಾಮದ ವೀಕ್ಷಣಾ ಗೋಪುರದಿಂದ ಎದುರು ಗುಡ್ಡದ ಕರಡಿ ತೆಗೆದರೆ ಬಂಡೆ ಮೇಲೆ ಕಪ್ಪು ಕಾಳು ಇಟ್ಟ ಹಾಗೆ ಬಂತು. ಅಲ್ಲಿಗೆ ಡಿಎಸ್‌ಎಲ್‌ಆರ್, ಉದ್ದ ಲೆನ್ಸ್ ಬೇಕೇ ಬೇಕು. ಶಾಲೆಯ ವಾರ್ಷಿಕೋತ್ಸವದಲ್ಲಿ ರಾತ್ರಿ ಮಕ್ಕಳು ಕುಣಿಯುವಾಗಲೂ ನಿಕಾನ್ ಮತ್ತು 35 ಎಂಎಂ ಲೆನ್ಸನ್ನೇ ಹಿಡಿಯುತ್ತೇನೆ.

ಬೆಲೆ ಕಡಿಮೆ ಅಲ್ಲ. ಬ್ಯಾಟರಿ, ಗ್ರಿಪ್, ಕಾರ್ಡ್ ಸೇರಿ ನನ್ನ ಒಂದು ತಿಂಗಳ ಸಂಬಳ ಪೂರ್ತಿ ಹೋಯಿತು. ಮನೆಯಲ್ಲಿ ಚರ್ಚೆಯೂ ಆಯಿತು. ಅಷ್ಟು ದುಡ್ಡು ಇಲ್ಲ, ಆದರೆ ಬಿಸಿಲಲ್ಲಿ ಕೆಲಸ ಆಗಬೇಕು ಅನ್ನುವವರು ಇದೇ ಸಾಲಿನ ಮಾರ್ಕ್ 3 ನೋಡಬಹುದು. 2014ರದ್ದು. ಅದಕ್ಕೂ ವ್ಯೂಫೈಂಡರ್ ಇದೆ, ಎದ್ದ ಮೇಲೆ ಕೈಯಿಂದ ಹಿಂದಕ್ಕೆ ಎಳೆಯಬೇಕು ಅಷ್ಟೇ. ಲೆನ್ಸ್ 1.8ರಿಂದ 2.8, ಅಂದರೆ ಗುಡಿಯೊಳಗೆ ನನ್ನದಕ್ಕಿಂತ ಚೆನ್ನಾಗಿ ಬರುತ್ತದೆ. ಝೂಮ್ ಮಾತ್ರ 70ಕ್ಕೇ ನಿಲ್ಲುತ್ತದೆ. ಹಳೆಯದಾದ್ದರಿಂದ ಬಳಸಿದ್ದೇ ಸಿಗುವುದು ಜಾಸ್ತಿ. ಮೇಲೆ ಹೇಳಿದ ಹಾಗೆ ಕೈಯಲ್ಲಿ ಹಿಡಿದು, ಹತ್ತು ಸಲ ಆನ್ ಆಫ್ ಮಾಡಿ, ಬಿಳಿ ಗೋಡೆಯ ಫೋಟೊ ಅಪರ್ಚರ್ 11ರಲ್ಲಿ ತೆಗೆದು ಚುಕ್ಕೆ ಇದೆಯಾ ನೋಡಿ ತಗೊಳ್ಳಿ.

ನನ್ನ 18-140 ಲೆನ್ಸ್ ಆರು ತಿಂಗಳು ಮುಟ್ಟದೆ ಬಿದ್ದಿತ್ತು. ಹಳೆಯ ವಿದ್ಯಾರ್ಥಿಯೊಬ್ಬ ಈಗ ಗಂಗಾವತಿಯಲ್ಲಿ ಮದುವೆ ಫೋಟೊ ತೆಗೆಯುವವರ ಹತ್ತಿರ ಕೆಲಸ ಕಲಿಯುತ್ತಿದ್ದಾನೆ. ಅವನೊಂದು ಹಳೆಯ ನಿಕಾನ್ ಬಾಡಿ ಕೊಂಡಿದ್ದ, ಲೆನ್ಸ್‌ಗೆ ದುಡ್ಡು ಇರಲಿಲ್ಲ. ಯುಗಾದಿಗೆ ಮನೆಗೆ ಬಂದಾಗ ಅದನ್ನು ಅವನಿಗೆ ಕೊಟ್ಟೆ. "ಟೀಚರ್, ನಿಮಗ ಬ್ಯಾಡೇನ್ರಿ?" ಅಂದ. ಒಳಗೆ ಹೋಗಿ ಸೋನಿ ತಂದು, ಗುಂಡಿ ಒತ್ತಿ, ವ್ಯೂಫೈಂಡರ್ ಎಬ್ಬಿಸಿ ಅವನ ಕೈಗೆ ಕೊಟ್ಟೆ. ಅಂಗಳಕ್ಕೆ ಹೋಗಿ ಬಿಸಿಲಿನಲ್ಲಿ ನಿಂತು ಬಹಳ ಹೊತ್ತು ನೋಡಿದ.